ಮೈಸೂರಿಗೆ ಬಲಗಡೆ, ಹುಬ್ಬಳ್ಳಿಗೆ ಎಡಗಡೆ

"ಕಂಗ್ರಾಜುಲೇಷನ್ಸ್, ಮೇಡಂ."

ಮಾತು ಏಣಿಯ ಮೇಲಿಂದ ಬಂತು. ಹೇಳಿದವನು ತಿರುಗಿ ನೋಡಲಿಲ್ಲ, ಕೈಯಲ್ಲಿದ್ದ ಬ್ರಶ್ಶನ್ನೂ ನಿಲ್ಲಿಸಲಿಲ್ಲ.

ಅಮ್ಮಣ್ಣಿಗೆ ಮೈಯೆಲ್ಲ ಉರಿಯಿತು. ಬ್ಯಾಂಕಿನ ಶಟರ್ ಎಳೆಯುವುದಕ್ಕೂ ಕಾಯದೆ, ವ್ಯಾನಿಟಿ ಬ್ಯಾಗನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸನ್ನು ಸುತ್ತಿ ಓಡೋಡಿ ಬಂದಿದ್ದಳು. ಪ್ರಮೋಷನ್ ಆಗಿದೆ, ನಾನೀಗ ಆಫೀಸರ್ ಅಂತ ಅಪ್ಪನಿಗಿಂತ ಮೊದಲು, ಅಮ್ಮನಿಗಿಂತ ಮೊದಲು ಈ ಮನುಷ್ಯನಿಗೆ ಹೇಳಬೇಕೆಂಬ ಆಸೆ ಅವಳಿಗೆ. ಈ ಮನುಷ್ಯನೋ, ಟ್ರಾವೆಲ್ಸ್ ಆಫೀಸಿನ ಬೋರ್ಡಿಗೆ ಮುಖ ಕೊಟ್ಟು ಮೇಡಂ ಅನ್ನುತ್ತಾನೆ!

"ಯಾರೋ ಮೇಡಮ್ಮು?"

"ತಾವೇ. ಆಫೀಸರಮ್ಮ ಆಗಿದೀರಂತಲ್ಲ. ನಿಮ್ಮ ಬ್ಯಾಂಕಿನ ಪ್ಯೂನು ಕಾಫಿ ಅಂಗಡೀಲಿ ಹೇಳ್ತಿದ್ದ. ಮೈಸೂರಿಗಂತೆ. ಒಳ್ಳೇದಾಯ್ತು ಬಿಡಿ, ನಿಮ್ಮತ್ತೆ ಮಗ ವೆಂಕಟಸ್ವಾಮಿಯೋರೂ ಅಲ್ಲೇ ಇರೋದು. ಊಟಕ್ಕೆ ಹೇಳಿ, ಬರ್ತೀನಿ."

ಅಮ್ಮಣ್ಣಿ ಏಣಿಯ ಎರಡೂ ಕಾಲು ಹಿಡಿದು ಒಂದು ಸಲ ಚೆನ್ನಾಗಿ ಅಲ್ಲಾಡಿಸಿದಳು.

"ಅಯ್ಯಯ್ಯೋ! ಬಿದ್ದೋಗ್ತೀನಿ ಕಣೇ!"

"ಹಾಂ, ಈಗ ಬಂತು ನೋಡು ಬಾಯಲ್ಲಿ ಕಣೇ. ಇಳೀತೀಯೋ, ಇನ್ನೊಂದು ಸಲ ಅಲ್ಲಾಡಿಸ್ಲೋ?"

ಸಂಜೀವ ಇಳಿದ. ಎಡಗಿವಿಗೆ ಹಳದಿ ಬಣ್ಣ, ಹುಬ್ಬಿಗೆ ಕೆಂಪು. ಮುಖ ಊದಿಸಿಕೊಂಡಿದ್ದರೂ ಅವಳ ಕಣ್ಣಿಗೆ ಕಣ್ಣು ಸಿಕ್ಕಿದ ತಕ್ಷಣ ತುಟಿಯ ಅಂಚು ಸಡಿಲವಾಯಿತು. ಎರಡು ವರ್ಷದಿಂದ ಇದೇ ಪಾಡು. ಅವನಿಗೆ ಅವಳ ಮೇಲೆ ಮುನಿಸಿಕೊಳ್ಳಲು ಬರುತ್ತಿತ್ತು, ಮುನಿಸು ಉಳಿಸಿಕೊಳ್ಳಲು ಬರುತ್ತಿರಲಿಲ್ಲ. ಅವಳು ಅವನ ಕಿವಿಯ ಬಣ್ಣ ಒರೆಸಬೇಕೆಂದು ಸೆರಗಿನ ತುದಿ ಎತ್ತಿದಳು, ಸುತ್ತ ಜನ ಕಂಡು ಕೈ ಇಳಿಸಿದಳು.

"ಮೈಸೂರೇ ಅಂತ ಯಾರಂದ್ರು? ಮ್ಯಾನೇಜರ್ ಎರಡೂರು ಹೇಳಿದಾರೆ. ಮೈಸೂರು, ಇಲ್ಲ ಹುಬ್ಬಳ್ಳಿ. ಶನಿವಾರದೊಳಗೆ ಒಂದು ಹೇಳಬೇಕು. ನಾನಂತೂ..."

"ಹುಬ್ಬಳ್ಳಿ" ಎಂದ ಸಂಜೀವ.

"ಮೈಸೂರು" ಎಂದಳು ಅಮ್ಮಣ್ಣಿ.

ಎರಡೂ ಒಂದೇ ಉಸಿರಿಗೆ ಹೊರಬಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮಣ್ಣಿಯ ಕಣ್ಣು ಮೇಲಿನ ಬೋರ್ಡಿನ ಕಡೆ ಹೋಯಿತು. ಅಲ್ಲಿ ಹುಬ್ಬಳ್ಳಿ ಅನ್ನುವುದು ಕೆಂಪು ಅಕ್ಷರದಲ್ಲಿ, ನೆರಳು ಬಿಟ್ಟುಕೊಂಡು, ದೊಡ್ಡದಾಗಿ ಕೂತಿತ್ತು. ಮೈಸೂರು ಮಾತ್ರ ಕೆಳಗಿನ ಮೂಲೆಯಲ್ಲಿ ಮುದುರಿಕೊಂಡಿತ್ತು.

"ಮೈಸೂರನ್ನ ಯಾಕೋ ಮೂಲೆಗೆ ತಳ್ಳಿದೀಯಾ?"

"ಜಾಗ ಸಾಲ್ಲಿಲ್ಲ."

"ಸುಳ್ಳ! ಪ್ಯೂನು ಸುದ್ದಿ ಹೇಳಿದ್ಮೇಲೆ ಬರೆದಿದೀಯಾ ಅದನ್ನ."

ಸಂಜೀವ ಬ್ರಶ್ಶನ್ನು ಸೀಮೆಎಣ್ಣೆ ಡಬ್ಬಕ್ಕೆ ಅದ್ದಿ ತೊಳೆಯತೊಡಗಿದ. ಕಿವಿ ಹಳದಿಯಿಂದ ಕೆಂಪಿಗೆ ತಿರುಗಿದ್ದನ್ನು ಅಮ್ಮಣ್ಣಿ ಸುಮ್ಮನೆ ನಿಂತು ನೋಡಿದಳು. ಅವಳ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

*

ಇಬ್ಬರದೂ ಪುಟ್ಟೇನಹಳ್ಳಿ. ಅವಳು ಊರಿನವಳು, ಅವನು ಕೇರಿಯವನು. ಅವಳ ಅಪ್ಪ ಗಂಗಾಧರಯ್ಯನವರ ಹೊಲದಲ್ಲಿ ಅವನ ಅಪ್ಪ ಯಲ್ಲಯ್ಯ ಕೂಲಿ ಮಾಡಿದವನು. ಈಗ ಹೊಲವೂ ಇಲ್ಲ, ಕೂಲಿಯೂ ಇಲ್ಲ. ಹೊಲವೆಲ್ಲ ಜೆ.ಪಿ. ನಗರದ ಸೈಟುಗಳಾಗಿ, ಗಂಗಾಧರಯ್ಯನವರು ಉಳಿದ ತುಂಡು ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು ಯಜಮಾನರಾಗಿಯೇ ಉಳಿದಿದ್ದರು. ಯಲ್ಲಯ್ಯ ಬುದ್ಧನ ದೀಕ್ಷೆ ತಗೊಂಡು, ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿ, ಮಗನನ್ನು ಓದಿಸಿದ. ಮಗನ ಅಕ್ಷರ ಚೆನ್ನಾಗಿತ್ತು. ಬನಶಂಕರಿಯಿಂದ ಬಿಟಿಎಂ ಲೇಔಟ್‌ವರೆಗೆ ಹೊಸ ಅಂಗಡಿ ಎಲ್ಲಿ ತೆರೆದರೂ ಬೋರ್ಡು ಬರೆಯುವುದಕ್ಕೆ 'ಸಂಜು ಆರ್ಟ್ಸ್' ಬೇಕಾಗಿತ್ತು.

ಊರಿನ ಸರ್ಕಾರಿ ಶಾಲೆಯಲ್ಲಿ ಇಬ್ಬರೂ ಒಂದೇ ಕ್ಲಾಸು. ಆಮೇಲೆ ಎಷ್ಟೋ ವರ್ಷ ಮಾತಿಲ್ಲ. ಒಂದು ದಿನ ಅವನು ಬ್ಯಾಂಕಿನ ಬೋರ್ಡಿಗೆ ಬಣ್ಣ ಹೊಡೆಯಲು ಬಂದ. ಅವಳು ಕುಡಿಯಲು ನೀರು ಕೊಟ್ಟಳು. ಅವನು ಲೋಟವನ್ನು ಎತ್ತಿ ಹಿಡಿದು, ತುಟಿಗೆ ತಾಕಿಸದೆ ಕುಡಿಯಲು ಹೊರಟ. "ಕಚ್ಚಿ ಕುಡಿಯೋ, ಮುಖದ ಮೇಲೆಲ್ಲ ಚೆಲ್ಕೋಬೇಡ" ಎಂದು ಅಮ್ಮಣ್ಣಿ ಗದರಿದಳು. ಅವನು ಲೋಟವನ್ನು ತುಟಿಗಿಟ್ಟು, ಅವಳನ್ನೇ ನೋಡುತ್ತ, ಕೊನೆಯ ಹನಿಯವರೆಗೂ ಕುಡಿದ. ಅಷ್ಟೇ ನಡೆದದ್ದು. ಅಲ್ಲಿಂದ ಇಲ್ಲಿಯವರೆಗೆ ಬೈಟು ಕಾಫಿ, ಬಸ್‌ಸ್ಟಾಪು, ಕೆರೆ ಏರಿ. ಮದುವೆ ಅನ್ನುವ ಮಾತನ್ನು ಮಾತ್ರ ಅವನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಕಾದು ಕಾದು ಸಾಕಾಗಿದ್ದಳು.

*

ಅಮ್ಮಣ್ಣಿ ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಅಪ್ಪ ನಗುತ್ತಿದ್ದರು. ಹೆಣ್ಣುಮಕ್ಕಳು ಪ್ರಮೋಷನ್ ಬೇಡ ಅಂತ ಬರೆದುಕೊಟ್ಟು ಇದ್ದಲ್ಲೇ ಇರುವುದು ಅವಳ ಬ್ಯಾಂಕಿನಲ್ಲಿ ರೂಢಿ. ಅಪ್ಪನೂ ಅದನ್ನೇ ಹೇಳುತ್ತಾರೆಂದು ಅವಳು ಜಗಳಕ್ಕೆ ರೆಡಿಯಾಗಿ ಬಂದಿದ್ದಳು.

"ಬಾ ತಾಯಿ ಆಫೀಸರಮ್ಮ. ಮೈಸೂರಂತೆ! ಮಂಗಮ್ಮಂಗೆ ಫೋನ್ ಮಾಡ್ಸಿದೀನಿ, ನಾಳೇನೇ ಬರ್ತಾಳೆ. ಎಲ್ಲಾ ತಾನಾಗೇ ಕೂಡಿ ಬಂತು ನೋಡು. ಕೆಲ್ಸಾನೂ ಅಲ್ಲೇ, ಮನೇನೂ ಅಲ್ಲೇ, ಗಂಡನೂ ಅಲ್ಲೇ."

ಮಂಗಮ್ಮ ಅಪ್ಪನ ತಂಗಿ. ವೆಂಕಟಸ್ವಾಮಿ ಆಕೆಯ ಒಬ್ಬನೇ ಮಗ. ಪಾಪ, ಒಳ್ಳೆಯವನೇ. ಊಟಕ್ಕೆ ಕೂತರೆ ಏಳುವುದೊಂದು ತಡವಾಗುತ್ತಿತ್ತು, ಅಷ್ಟೆ.

"ಹುಬ್ಬಳ್ಳಿನೂ ಇದೆ ಅಪ್ಪ" ಎಂದಳು ಅಮ್ಮಣ್ಣಿ.

"ಹುಬ್ಬಳ್ಳೀಲಿ ಯಾರಿದಾರೆ ನಮ್ಮೋರು? ನೀರು ಬಿಡೋದು ವಾರಕ್ಕೊಂದು ಸಲ ಅಂತಾರೆ. ಬೇಡಮ್ಮ. ಆದ್ರೂ ನಾನು ಬಲವಂತ ಮಾಡಿದೆ ಅನ್ನೋದು ಬೇಡ. ಶುಕ್ರವಾರ ತಾಯಿ ಹತ್ರನೇ ಹೂ ಕೇಳೋಣ. ಮೈಸೂರಾದ್ರೆ ಬಲಗಡೆ, ಹುಬ್ಬಳ್ಳಿಯಾದ್ರೆ ಎಡಗಡೆ. ತಾಯಿ ಏನಂತಾಳೋ ಅದು."

ಹೂ ಕೇಳುವುದು ಆ ಊರಿನ ಪದ್ಧತಿ. ಊರಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕೂರುತ್ತಾರೆ. ಬಾಯಿ ಬಿಡುವಂತಿಲ್ಲ. ಯಾವ ಕಡೆಯ ಹೂವು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಲೇಔಟಿಗೆ ಹೊಲ ಕೊಡಿ ಎಂದು ನೋಟೀಸು ಬಂದಾಗಲೂ ಕೋರ್ಟಿಗೆ ಹೋಗೋಣವೇ ಎಂದು ಊರವರು ಹೂ ಕೇಳಿದ್ದರು. ಎಡಗಡೆ ಬಿತ್ತು, ಅಂದರೆ ಬೇಡ ಅಂತ. ಇನ್ನೊಂದು ಸಲ ಕೇಳೋಣ ಅಂತ ಊರೆಲ್ಲ ಗೋಗರೆಯಿತು. ಗಂಗಾಧರಯ್ಯನವರು ಎದ್ದು ನಿಂತು, "ತಾಯಿ ಒಂದು ಸಲ ಹೇಳಿದ್ಮೇಲೆ ಮುಗೀತು. ಈ ಗುಡೀಲಿ ಎರಡನೇ ಸಲ ಯಾರೂ ಕೇಳಂಗಿಲ್ಲ" ಎಂದುಬಿಟ್ಟರು. ಹೊಲ ಹೋಯಿತು. ಅಮ್ಮ ಗೌರಮ್ಮ ತಾನೇ ನೀರು ಹಾಯಿಸಿ ಬೆಳೆಸಿದ ಸೇವಂತಿಗೆ ಪಾತಿಯೂ ಅದರ ಜೊತೆಗೇ ಹೋಯಿತು. ಅಪ್ಪನ ಮಾತು ಮಾತ್ರ ಊರಿನ ಕಟ್ಟಳೆಯಾಗಿ ನಿಂತಿತು.

ಮರುದಿನ ಮಂಗಮ್ಮತ್ತೆ ಬಂದಿಳಿದಳು. ರೇಷ್ಮೆ ಸೀರೆ, ಮಲ್ಲಿಗೆ, ವೀಳ್ಯದೆಲೆ, ಮೈಸೂರು ಪಾಕು, ಬದನೆಕಾಯಿ. ಊರನ್ನೇ ಬ್ಯಾಗಿಗೆ ತುಂಬಿಕೊಂಡು ಬಂದಿದ್ದಳು. ಅಮ್ಮಣ್ಣಿಯ ಗಲ್ಲ ಹಿಡಿದು, "ನಮ್ಮನೆ ರೂಮಿಂದ ಬೆಟ್ಟ ಕಾಣುತ್ತೆ ಕಣೇ" ಎಂದಳು. ಕಷ್ಟವೆಂದರೆ, ಬೆಟ್ಟ ಅಮ್ಮಣ್ಣಿಗೂ ಇಷ್ಟ.

ನಿಜ ಹೇಳಬೇಕೆಂದರೆ ಮೈಸೂರಿನಷ್ಟು ಇಷ್ಟವಾದ ಊರು ಅವಳಿಗೆ ಬೇರೆ ಇರಲಿಲ್ಲ. ಟ್ರೈನಿಂಗಿಗೆ ಹೋದಾಗ ಹಾಸ್ಟೆಲಿನಲ್ಲಿದ್ದಳು. ಸಂಜೆ ಒಬ್ಬಳೇ ಅಷ್ಟಗಲದ ರಸ್ತೆಯಲ್ಲಿ ನಡೆದುಹೋಗುವಾಗ, ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ ಅಂತ ಕೇಳುವವರಿಲ್ಲ. ಆ ಊರಿನಲ್ಲಿ ತನ್ನ ಹೆಜ್ಜೆಯ ಸದ್ದು ತನಗೇ ಕೇಳಿಸುತ್ತಿತ್ತು. ಅಂಥ ಊರನ್ನು ವೆಂಕಟಸ್ವಾಮಿ ಇದ್ದಾನೆಂಬ ಒಂದೇ ಕಾರಣಕ್ಕೆ ಬಿಟ್ಟುಕೊಡಬೇಕೆ?

*

ಗುರುವಾರ ಸಂಜೆ ಕೆರೆ ಏರಿಯ ಮೇಲೆ ಸಂಜೀವ ಸೈಕಲ್ಲಿಗೆ ಒರಗಿ ನಿಂತಿದ್ದ. ಅವಳು ಬಂದದ್ದೇ ತಡ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ ಪೊಟ್ಟಣ ಮುಂದೆ ಹಿಡಿದ. ಬಿಸಿ ಕಡಲೇಕಾಯಿ.

"ಲಂಚನಾ?"

"ಹೂಂ. ಹುಬ್ಬಳ್ಳಿಗೆ ಒಂದು ವೋಟು."

"ಮೈಸೂರಿಗೆ ಮಲ್ಲಿಗೆ ಇದೆ."

"ಹುಬ್ಬಳ್ಳಿಗೆ ಪೇಡಾ ಬರುತ್ತೆ, ಧಾರವಾಡದಿಂದ."

"ಪಕ್ಕದೂರಿನ ಪೇಡಾನ ನಿನ್ನೂರ ಲೆಕ್ಕಕ್ಕೆ ಹಾಕ್ತೀಯಲ್ಲೋ, ನಾಚಿಕೆ ಆಗಲ್ವಾ?"

ಅವನು ನಕ್ಕ. ಒಂದೊಂದೇ ಕಾಯಿ ಸುಲಿದು ಅವಳ ಅಂಗೈಗೆ ಹಾಕುತ್ತ ಹೋದ. ಬೀಜ ಹಾಕುವಾಗಲೆಲ್ಲ ಅವನ ಬೆರಳು ಅಂಗೈಯಲ್ಲಿ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಾಗುತ್ತಿತ್ತು, ಅವಳಿಗೆ ಗೊತ್ತಾಗುತ್ತಿದೆ ಅನ್ನುವುದು ಅವನಿಗೂ ಗೊತ್ತಿತ್ತು.

"ತಮಾಷೆ ಸಾಕು. ಯಾಕೆ ಹುಬ್ಬಳ್ಳಿ? ನಿಜ ಹೇಳು."

ಸಂಜೀವ ಕೆರೆಯ ಕಡೆ ತಿರುಗಿದ.

"ಹೋದ್ವರ್ಷ ಎಕ್ಸಿಬಿಷನ್ ಬೋರ್ಡ್ ಬರೆಯೋಕೆ ಅಲ್ಲಿಗೆ ಹೋಗಿದ್ನಲ್ಲ. ಎಲ್ರೂ ನನ್ನ 'ಬರ್ರಿ ಪೇಂಟರ್ ಸಾಹೇಬ್ರ, ಕೂಡ್ರಿ' ಅಂತಿದ್ರು. ಮನೆಯೊಳಗೆ ಕರ್ದು, ಜೊತೇಲಿ ಕೂರಿಸ್ಕೊಂಡು ರೊಟ್ಟಿ ಹಾಕ್ತಿದ್ರು. ಯಾರ ಮಗ ನೀನು ಅಂತ ಒಬ್ರೂ ಕೇಳ್ಲಿಲ್ಲ. ಇಲ್ಲಿ ನಮ್ಮಪ್ಪಂಗೆ ಅರವತ್ತಾಗೋಯ್ತು. ನಿಮ್ಮನೆ ಬೀದೀಲಿ ಹೋದ್ರೆ ಮೀಸೆ ಬರದಿರೋರೂ 'ಲೇ ಯಲ್ಲ' ಅಂತಾರೆ. ಅಲ್ಲಿಗೆ ಹೋದ್ರೆ ನೀನು ಆಫೀಸರು, ನಾನು ಪೇಂಟರು. ಅಷ್ಟೇ. ಬೇರೆ ಯಾವ ಹೆಸರೂ ಅಂಟ್ಕೊಳಲ್ಲ."

ಅಮ್ಮಣ್ಣಿ ಅಂಗೈಯ ಬೀಜ ತಿನ್ನುವುದನ್ನು ನಿಲ್ಲಿಸಿದಳು. ಅವನು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅವಳು ಕೇಳಿಯೇ ಇರಲಿಲ್ಲ. ಆದರೂ ಒಳಗೆ ಏನೋ ಒಂದು ಒಪ್ಪಲಿಲ್ಲ.

"ಗೊತ್ತಾದ ದಿನ?"

"ಏನು?"

"ಒಂದಿನ ಯಾರೋ ಊರಿನೋರು ಹುಬ್ಬಳ್ಳಿಗೂ ಬರ್ತಾರೆ ಸಂಜೀವ. ಬೀದೀಲಿ ನೋಡಿ ಮಾತಾಡಿಸ್ತಾರೆ. ಆವತ್ತು ಏನ್ಮಾಡೋಣ? ಅಲ್ಲಿಂದ ಬೆಳಗಾವಿಗೆ ಓಡೋಣ್ವಾ? ಆಮೇಲೆ? ಬಚ್ಚಿಟ್ಕೊಂಡು ಬದುಕೋಕೆ ನಾವೇನು ಕದ್ದಿದೀವಾ?"

"ಅದಕ್ಕೆ? ನಿಮ್ಮತ್ತೆ ಇರೋ ಊರಲ್ಲಿ ನನ್ನ ಜೊತೆ ಓಡಾಡ್ತೀಯಾ?"

"ಓಡಾಡ್ತೀನಿ. ಅತ್ತೆ ಮನೆ ಮುಂದೇನೇ ಓಡಾಡ್ತೀನಿ. ಕೈ ಹಿಡ್ಕೊಂಡು. ಬೇಕಾದ್ರೆ ಗೇಟು ತೆಗೆದು ನೀರು ಕೇಳ್ತೀನಿ, ಇಬ್ರಿಗೂ. ಕೊಟ್ರೆ ಕುಡಿಯೋಣ, ಇಲ್ಲಾಂದ್ರೆ ಮುಂದಕ್ಕೆ ಹೋಗೋಣ. ನನಗೆ ಮೈಸೂರು ಇಷ್ಟ. ನೀನೂ ಇಷ್ಟ. ಒಂದಕ್ಕೋಸ್ಕರ ಇನ್ನೊಂದನ್ನ ಯಾಕೆ ಬಿಡ್ಲಿ?"

ಸಂಜೀವ ಅವಳನ್ನು ನೋಡಿದ. ಸಂಜೆಬಿಸಿಲು ಅವಳ ಮೂಗಿನ ತುದಿಯಲ್ಲಿ ಕೂತಿತ್ತೋ ಸಿಟ್ಟಿಗೆ ಅದು ಕೆಂಪಾಗಿತ್ತೋ ಹೇಳುವುದು ಕಷ್ಟ.

"ಏನಂದೆ? ಇನ್ನೊಂದ್ಸಲ ಹೇಳು."

"ಮೈಸೂರು ಇಷ್ಟ ಅಂದೆ."

"ಅದಲ್ಲ. ಆಮೇಲಿಂದು."

"ಕಡಲೇಕಾಯಿ ಸುಲಿ, ಸುಮ್ನೆ."

ಅವನು ಸುಲಿಯಲಿಲ್ಲ. ಬಣ್ಣದ ವಾಸನೆಯ ಆ ಕೈಯಲ್ಲಿ ಅವಳ ಕೈಯನ್ನು ಬೀಜಗಳ ಸಮೇತ ಮುಚ್ಚಿ ಹಿಡಿದ. "ನನ್ನ ಮದ್ವೆ ಆಗ್ತೀಯಾ ಅಂತ ಕೇಳೋಕೆ ಎರಡು ವರ್ಷದಿಂದ ಹೆದರ್ತಿದೀನಿ, ಅಮ್ಮಣ್ಣಿ" ಎಂದ ಮೆಲ್ಲಗೆ. "ನೀನು ಇಲ್ಲ ಅಂತೀಯಾ ಅಂತಲ್ಲ. ಹೂಂ ಅಂದ್ಬಿಟ್ರೆ ಏನ್ಮಾಡೋದು ಅಂತ."

"ಥೂ, ಹೇಡಿ" ಎಂದಳು ಅಮ್ಮಣ್ಣಿ. ಕಣ್ಣು ತುಂಬಿ ಬಂದಿತ್ತು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ನಾಳೆ ನಮ್ಮಪ್ಪ ಹೂ ಕೇಳ್ತಾರೆ. ನೀನು ಬರಬೇಕು. ನನ್ನ ಕಣ್ಣಿಗೆ ಕಾಣೋ ಹಂಗೆ ನಿಲ್ಲಬೇಕು."

"ನಮ್ಮ ಕೇರಿಯೋರೆಲ್ಲ ನಿಲ್ಲೋದು ಗುಡಿ ಹೊರಗಿನ ಬೇವಿನ ಮರದ ಹತ್ರ. ಅಲ್ಲಿಂದ ಮುಂದಕ್ಕೆ ಯಾರೂ ಕಾಲಿಟ್ಟಿಲ್ಲ. ನನಗೆ ಈ ಹೂ ಕೇಳೋದ್ರಲ್ಲಿ ನಂಬಿಕೇನೂ ಇಲ್ಲ. ನಮ್ಮಪ್ಪ ದಿನಾ ಬುದ್ಧಂಗೆ ಹೂ ಇಡ್ತಾನೆ, ಏನೂ ಕೇಳಲ್ಲ. ನಮ್ಮ ತೀರ್ಮಾನ ನಾವೇ ಮಾಡ್ಬೇಕು ಅಂತಾನೆ."

"ಬರ್ತೀಯೋ ಇಲ್ವೋ?"

"ಬರ್ತೀನಿ" ಎಂದ ಸಂಜೀವ. "ಎಲ್ಲಿ ನಿಲ್ತೀನೋ ಗೊತ್ತಿಲ್ಲ."

*

ಶುಕ್ರವಾರ ಬೆಳಿಗ್ಗೆ ಗುಡಿಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಯಜಮಾನರ ಮಗಳು ಆಫೀಸರ್ ಆದಳು, ಹಿಂದೆಯೇ ಮದುವೆ ಮಾತು, ಪುಳಿಯೋಗರೆ ಬೇರೆ ಇದೆ ಅಂದರೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ? ಅಮ್ಮಣ್ಣಿ ಅತ್ತೆ ತಂದ ಸೀರೆಯನ್ನು ಉಡದೆ, ತನ್ನ ಸಂಬಳದಲ್ಲಿ ಕೊಂಡ ನೀಲಿ ಸೀರೆ ಉಟ್ಟು ಬಂದಿದ್ದಳು. ಬೇವಿನ ಮರದ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. 

ಪೂಜಾರಿ ಗುಂಡಣ್ಣ ಕಣಗಿಲೆ ಹೂವನ್ನು ನೀರಿಗದ್ದಿ ತಾಯಿಯ ಎರಡೂ ಭುಜಕ್ಕೆ ಅಂಟಿಸಿದ. "ಕೇಳ್ಕೊಳೋರು ಮುಂದೆ ಬನ್ನಿ" ಎಂದ.

ಗಂಗಾಧರಯ್ಯನವರು ಮುಂದೆ ಹೋಗಿ ಕೈಮುಗಿದರು. ಅಮ್ಮಣ್ಣಿಯೂ ಹೋಗಿ ಅವರ ಪಕ್ಕದಲ್ಲೇ ನಿಂತಳು. ಹೆಂಗಸರು ಸಾಮಾನ್ಯವಾಗಿ ಹಿಂದೆ ನಿಲ್ಲುತ್ತಿದ್ದರು. ಆದರೆ ಕೇಳುತ್ತಿರುವುದು ಅವಳ ವಿಷಯವೇ ಆದ್ದರಿಂದ ಗುಂಡಣ್ಣ ಏನೂ ಅನ್ನಲಿಲ್ಲ. ಮಗಳು ಎಷ್ಟು ವಿಧೇಯಳು ಅಂತ ಅಪ್ಪನ ಮುಖ ಅರಳಿತು.

ಇಬ್ಬರೂ ಕಣ್ಣು ಮುಚ್ಚಿದರು. ಗಂಟೆ ನಿಂತಿತು. ಊರೆಲ್ಲ ಉಸಿರು ಬಿಗಿಹಿಡಿದು ಎರಡು ಹೂವುಗಳನ್ನೇ ನೋಡುತ್ತಿತ್ತು. ಅಮ್ಮಣ್ಣಿ ತುಟಿ ಅಲ್ಲಾಡಿಸದೆ ತನ್ನ ಮಾತನ್ನು ತಾಯಿಗೆ ಹೇಳಿ ಮುಗಿಸಿ, ಕಣ್ಣು ತೆರೆದಳು.

ಟಪ್ಪನೆ ಬಲಗಡೆಯ ಹೂವು ಬಿತ್ತು.

"ಬಲಗಡೆ! ಬಲಗಡೆ ಕೊಟ್ಟಳು ತಾಯಿ!" ಎಂದ ಗುಂಡಣ್ಣ. ಹೋ ಎಂದು ಸದ್ದೆದ್ದಿತು. ಮಂಗಮ್ಮತ್ತೆ ಮೈಸೂರು ಪಾಕಿನ ಡಬ್ಬದ ಮುಚ್ಚಳವನ್ನು ಆಗಲೇ ತೆಗೆದಿದ್ದಳು. ಗುಂಡಣ್ಣ ಬಿದ್ದ ಹೂವನ್ನೆತ್ತಿ ಅಮ್ಮಣ್ಣಿಯ ಕೈಗಿಟ್ಟ. ಗಂಗಾಧರಯ್ಯನವರು ಮಗಳ ತಲೆ ಸವರಿ, "ಆಯ್ತಲ್ಲ ತಾಯಿ? ಮೈಸೂರು" ಎಂದರು.

"ಹೂಂ ಅಪ್ಪ, ಮೈಸೂರೇ" ಎಂದಳು ಅಮ್ಮಣ್ಣಿ. ಅವಳಿಗೂ ನಗು ತಡೆಯಲಾಗಲಿಲ್ಲ. "ನನಗೂ ಬಲಗಡೆನೇ ಕೊಟ್ಟಳಲ್ಲ!"

"ನಿನಗೂ ಅಂದ್ರೆ?"

"ನಾನೂ ನಿಮ್ಮ ಪಕ್ಕದಲ್ಲೇ ನಿಂತಿದ್ನಲ್ಲ. ನನ್ನ ಮಾತೂ ತಾಯಿಗೆ ಮುಟ್ಟಿಸ್ದೆ."

ಮಗಳೂ ತಾನು ಕೇಳಿದ್ದನ್ನೇ ಕೇಳುತ್ತಾಳೆಂದು ಗಂಗಾಧರಯ್ಯನವರು ತಿಳಿದಿದ್ದರು. ಮನಸ್ಸಿನೊಳಗಿನ ಮಾತು ಬೇರೆ ಇದ್ದೀತು ಎಂಬ ಯೋಚನೆ ಆ ಊರಿನ ಯಾವ ಅಪ್ಪನಿಗೂ ಅದುವರೆಗೆ ಬಂದಿರಲಿಲ್ಲ. "ಏನಂದೆ ತಾಯಿಗೆ?" ಎಂದರು.

"ಸಂಜೀವನ ಜೊತೆ ಬಾಳ್ತೀನಿ ಅಂದೆ."

"ಯಾವ ಸಂಜೀವ?"

"ಯಲ್ಲಯ್ಯನೋರ ಮಗ."

ಮೈಸೂರು ಪಾಕಿನ ಡಬ್ಬ ಕೆಳಗೆ ಬಿದ್ದು ಉರುಳಿತು. "ಅಯ್ಯೋ ನನ್ನ ಕರ್ಮವೇ!" ಎಂದು ಮಂಗಮ್ಮತ್ತೆ ಕೂತುಬಿಟ್ಟಳು. ಒಬ್ಬರು ಬೈದರು, ಒಬ್ಬರು ಛೀ ಅಂದರು, ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಂಗಾಧರಯ್ಯನವರ ಮುಖ ಕಪ್ಪಿಟ್ಟಿತು.

"ಗುಂಡಣ್ಣ! ಇನ್ನೊಂದು ಸಲ ಅಂಟಿಸು ಹೂವ."

ಗುಂಡಣ್ಣ ಅಲ್ಲಾಡಲಿಲ್ಲ. ಬೆವರು ಒರೆಸಿಕೊಂಡ. "ಅದು... ಎರಡನೇ ಸಲ ಕೇಳಂಗಿಲ್ಲ ಅಂತ ನೀವೇ ಕಟ್ಟಳೆ ಮಾಡಿದ್ದು ಯಜಮಾನ್ರೆ. ಊರೆಲ್ಲ ಹೊಲ ಕಳ್ಕೊಂಡ್ವಿ ಆ ಮಾತಿಗೆ."

"ನಾನೇ ಮಾಡ್ದೆ, ನಾನೇ ಮುರೀತೀನಿ. ಅಂಟಿಸೋ!"

"ಮುರೀಬೇಡಿ" ಎಂದರು ಗೌರಮ್ಮ.

ಗುಡಿಯ ಅಂಗಳದಲ್ಲಿ ಗೌರಮ್ಮನ ದನಿ ಯಾರೂ ಕೇಳಿದ್ದೇ ಇಲ್ಲ. ಆಕೆ ಹೆಂಗಸರ ಗುಂಪಿನಿಂದ ಹೊರಗೆ ಬಂದು ನಿಂತಿದ್ದರು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಆವತ್ತು ನಾನೂ ನಿಮ್ಮ ಕಾಲು ಹಿಡ್ದು ಇನ್ನೊಂದ್ಸಲ ಕೇಳಿ ಅಂದೆ. ನನ್ನ ಸೇವಂತಿಗೆ ಪಾತಿ ಹೋಗುತ್ತೆ ಅಂತ ಕಣ್ಣೀರು ಹಾಕ್ದೆ. ನೀವು ಕೇಳ್ಲಿಲ್ಲ. ಇವತ್ತೂ ಕೇಳ್ಬೇಡಿ."

 ಅಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಜನ ತಿರುಗಿದರು.

ಸಂಜೀವ ಬೇವಿನ ಮರ ದಾಟಿದ್ದ. ಅಂಗಳದ ಅಂಚಿಗೆ ಬಂದು ಚಪ್ಪಲಿ ಬಿಟ್ಟ. ಕಿವಿ ಬಣ್ಣವಿಲ್ಲದೆ ತೊಳೆದು ಹೊಳೆಯುತ್ತಿತ್ತು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದ. ಒಮ್ಮೆ ಹಿಂದಕ್ಕೆ, ಬೇವಿನ ಮರದ ಕಡೆ ತಿರುಗಿ ನೋಡಿದ. ಆಮೇಲೆ ಅಂಗಳದೊಳಗೆ ಹೆಜ್ಜೆ ಇಟ್ಟ. ಯಾರೋ "ಲೇ!" ಎಂದರು. ಅವನು ನಿಲ್ಲಲಿಲ್ಲ. ಅವಳು ತಾನೇ ಹೋಗಿ ಕರೆತರಬೇಕೇನೋ ಎಂದುಕೊಂಡಿದ್ದಳು. ಅವನು ಬರುತ್ತಿರುವುದನ್ನು ಕಂಡ ಮೇಲೆ ಅವಳಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಬ್ಬರೂ ಅಂಗಳದ ನಡುವೆ ಸೇರಿದರು.

"ಗಂಗಾಧರಯ್ಯನೋರೆ" ಎಂದ ಸಂಜೀವ. ಅವನಪ್ಪ ಜೀವಮಾನವೆಲ್ಲ ಕೈಕಟ್ಟಿ ನಿಂತು, ಒಡೆಯರಿಗೆ ಅನ್ನುವ ಹಾಗೆ ಬುದ್ಧೀ ಬುದ್ಧೀ ಅನ್ನುತ್ತಿದ್ದ ಆ ಮನುಷ್ಯನನ್ನು ಅವನು ಹೆಸರು ಹಿಡಿದು ಕರೆದ, ಮರ್ಯಾದೆಯಿಂದಲೇ ಕರೆದ. "ನಾನು ನಿಮ್ಮ ಮಗಳನ್ನ ಮದ್ವೆ ಆಗ್ತೀನಿ. ಕದ್ದು ಕರ್ಕೊಂಡು ಹೋಗಲ್ಲ. ರಿಜಿಸ್ಟರ್ ಆಫೀಸಲ್ಲಿ ಎಲ್ರಿಗೂ ಗೊತ್ತಾಗೋ ಹಂಗೆ ಆಗ್ತೀನಿ. ನೀವೂ ಬನ್ನಿ."

ಗಂಗಾಧರಯ್ಯನವರು ಕೈ ಎತ್ತಿದರು. ಆ ಕೈ ಹಾಗೇ ನಿಂತಿತು. ಸುತ್ತ ನಿಂತವರೆಲ್ಲ ತಾಯಿಯನ್ನೂ ಬಲಭುಜದ ಖಾಲಿ ಜಾಗವನ್ನೂ ನೋಡುತ್ತಿದ್ದರು. ಯಜಮಾನರ ಮಾತನ್ನು ನಂಬಿ ಹೊಲ ಕಳೆದುಕೊಂಡವರು ಅವರು. ಕೈ ಕೆಳಗಿಳಿಯಿತು.

"ಹೋಗು" ಎಂದರು ಮಗಳಿಗೆ. ದನಿ ಒಡೆದಿತ್ತು. "ಮತ್ತೆ ನನ್ನ ಬಾಗ್ಲಿಗೆ ಬರ್ಬೇಡ."

"ಬರ್ತೀನಿ ಅಪ್ಪ" ಎಂದಳು ಅಮ್ಮಣ್ಣಿ. ಅಳು ಕೆನ್ನೆಗಿಳಿದಿತ್ತು, ತಲೆ ಮಾತ್ರ ತಗ್ಗಲಿಲ್ಲ. "ಯುಗಾದಿಗೂ ಬರ್ತೀನಿ, ದೀಪಾವಳಿಗೂ ಬರ್ತೀನಿ. ಇವನನ್ನೂ ಕರ್ಕೊಂಡು ಬರ್ತೀನಿ. ಮೈಸೂರಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದೊಳಗೆ ಇಲ್ಲಿರ್ತೀವಿ. ಅದಕ್ಕೇ ಹುಬ್ಬಳ್ಳಿ ಬೇಡ ಅಂದಿದ್ದು. ತೆಗೆಯೋದು ಬಿಡೋದು ನಿಮ್ಮಿಷ್ಟ. ಬಾಗ್ಲು ತಟ್ಟೋದಂತೂ ತಟ್ತೀನಿ."

ಅವಳು ಕೈಯಲ್ಲಿದ್ದ ಹೂವನ್ನು ಸಂಜೀವನ ಕಡೆ ಚಾಚಿದಳು. "ಮುಡಿಸು."

"ಇಲ್ಲಾ?"

"ಇಲ್ಲೇ."

ಬೋರ್ಡಿನ ಮೇಲೆ ಮೊಳದಗಲದ ಅಕ್ಷರವನ್ನು ನಡುಗದೆ ಬರೆಯುವ ಕೈ ಒಂದು ಕಣಗಿಲೆ ಹೂವನ್ನು ಜಡೆಗೆ ಸಿಕ್ಕಿಸಲು ಬಹಳ ಹೊತ್ತು ತಗೊಂಡಿತು. ಅಷ್ಟು ಹೊತ್ತೂ ಊರು ನೋಡುತ್ತ ನಿಂತಿತ್ತು. ಅಮ್ಮಣ್ಣಿಗೆ ಅದೇ ಬೇಕಾಗಿತ್ತು.

*

ಶನಿವಾರ ಮಧ್ಯಾಹ್ನ ಅವಳು ಬ್ಯಾಂಕಿನಿಂದ ಹೊರಗೆ ಬಂದಾಗ ಸಂಜೀವ ಟ್ರಾವೆಲ್ಸ್ ಆಫೀಸಿನ ಏಣಿಯ ಮೇಲಿದ್ದ. ಮೂಲೆಯಲ್ಲಿದ್ದ ಮೈಸೂರನ್ನು ಅಳಿಸಿ, ಮೇಲುಗಡೆ ಕೆಂಪಿನಲ್ಲಿ ಹೊಸದಾಗಿ ಬರೆಯುತ್ತಿದ್ದ. ಆಫೀಸಿನ ಯಜಮಾನ ಬೈದನಂತೆ. ಬಣ್ಣ ನನ್ನ ಖರ್ಚು ಅಂದನಂತೆ ಇವನು.

"ಹೇಳ್ಬಿಟ್ಟೆ ಮ್ಯಾನೇಜರಿಗೆ" ಎಂದಳು ಕೆಳಗಿನಿಂದ. ರಾತ್ರಿ ಅವಳು ಮಲಗಿದ್ದು ಬ್ಯಾಂಕಿನ ಗೆಳತಿಯ ರೂಮಿನಲ್ಲಿ. ಬೆಳಿಗ್ಗೆ ಅಮ್ಮ ಬಂದು, ಬಟ್ಟೆಯ ಪೆಟ್ಟಿಗೆಯ ಜೊತೆ ತಿಂಡಿ ಡಬ್ಬಿಯನ್ನೂ ಕೊಟ್ಟುಹೋಗಿದ್ದರು. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಇತ್ತು.

ಸಂಜೀವ ಇಳಿದು ಬಂದ. ಕಿವಿಗೆ ಮತ್ತೆ ಬಣ್ಣ. ಈ ಸಲ ಅವಳು ಸುತ್ತಮುತ್ತ ನೋಡಲಿಲ್ಲ, ಸೆರಗಿನ ತುದಿಯಿಂದ ಒರೆಸಿದಳು.

"ಒಂದು ಮಾತು ಕೇಳ್ಲಾ?" ಎಂದ. "ನಿನ್ನೆಯಿಂದ ತಲೆ ತಿಂತಿದೆ. ಎಡಗಡೆ ಹೂವೇನಾದ್ರೂ ಬಿದ್ದಿದ್ರೆ?"

"ಬಿದ್ದಿದ್ರೆ ಎತ್ಕೊಂಡು ಮುಡ್ಕೋತಿದ್ದೆ."

"ತಮಾಷೆ ಬೇಡ ಕಣೇ. ತಾಯಿ ಬೇಡ ಅಂದಿದ್ರೆ ಏನ್ಮಾಡ್ತಿದ್ದೆ?"

ಅಮ್ಮಣ್ಣಿ ಅವನ ಕಿವಿಯನ್ನು ಇನ್ನೊಂದು ಸಲ ಒರೆಸಿದಳು. ಬಣ್ಣ ಆಗಲೇ ಹೋಗಿತ್ತು.

"ಬೇಕಾ ಬೇಡ್ವಾ ಅಂತ ನಾನೆಲ್ಲಿ ಕೇಳ್ದೆ?" ಎಂದಳು. "ಕೇಳಿದ್ದು ನಮ್ಮಪ್ಪ. ನಾನು ಹೇಳಿ ಬಂದೆ, ಅಷ್ಟೇ."